ಹತ್ತಕ್ಕೆ ನಾಲ್ಕು

ಗುರುವಾರ, ಹನ್ನೊಂದು.

ನಾಲ್ಕು ಅಂದುಬಿಟ್ಟೆನಲ್ಲ! ಮುಟ್ಟಿನ ನೋವಿಗೆ ಹತ್ತರಲ್ಲಿ ಎಷ್ಟು ಮಾರ್ಕು ಕೊಡ್ತೀರಿ ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಬಾಯಿಗೆ ಬಂದದ್ದು ನಾಲ್ಕು. ಇಪ್ಪತ್ತು ವರ್ಷ ಕೈ ಬಿಗಿ ಹಿಡಿದು ಉತ್ತರಪತ್ರಿಕೆ ತಿದ್ದಿದ ಅಭ್ಯಾಸ, ಇನ್ನೇನು. ಶಾಲೆಯ ಮಕ್ಕಳು ನನಗೆ 'ಅರ್ಧ ಮಾರ್ಕು ಮೇಡಂ' ಎಂದು ಸುಮ್ಮನೆ ಹೆಸರಿಟ್ಟಿಲ್ಲ.

"ನಾಲ್ಕೇ ಆದ್ರೆ ಹಾರ್ಮೋನ್ ಮಾತ್ರೆ ಈಗಲೇ ಬೇಡ ಬಿಡಿ. ಇನ್ನೊಂದು ಮೂರು ತಿಂಗಳು ನೋಡೋಣ," ಎಂದು ಅವರು ಬರೆಯುತ್ತಿದ್ದ ಚೀಟಿಯನ್ನು ಪಕ್ಕಕ್ಕಿಟ್ಟರು. ನಾನೂ ತಲೆಯಾಡಿಸಿದೆ. ಆ ಮಾತ್ರೆಯ ಭಯವೂ ಇತ್ತು, ಸುಳ್ಳೇಕೆ. ಮೈ ಊದಿದರೆ, ತಲೆ ಸುತ್ತಿದರೆ ಏನು ಮಾಡಬೇಕೆಂದು ಕೇಳುವುದಕ್ಕೂ ಬಾಯಿ ಬರಲಿಲ್ಲ.

ಹೊರಗೆ ಬಂದ ಕೂಡಲೇ, ಒಳಗೆ ಜೊತೆಗೇ ಕೂತಿದ್ದ ಅಕ್ಕ ಸಿಡಿದಳು. "ಹೋದ ತಿಂಗಳು ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದೋಳು ಯಾರೇ? ನಾನೇ ಅಲ್ವಾ ಬಾಗಿಲು ಒಡೆದದ್ದು? ಆ ಬಾಗಿಲನ್ನ ಕೇಳಿದ್ರೂ ಹತ್ತಕ್ಕೆ ಹತ್ತು ಕೊಡ್ತಿತ್ತು!"

ನನಗೆ ನಗು ಬರಲಿಲ್ಲ. ಮುಂದಿನ ಮುಟ್ಟಿಗೆ ಇನ್ನು ಆರೇ ದಿನ. ಅವತ್ತೇ ಏಳನೇ ತರಗತಿಯ ಪರೀಕ್ಷೆ. ಮೂರು ಗಂಟೆ ನಿಂತೇ ಕಾಯಬೇಕು. ನೆನೆದರೆ ಈಗಲೇ ಸೊಂಟ ಹಿಡಿದುಕೊಳ್ಳುತ್ತದೆ.

ನಾಳೆ ಬೆಳಿಗ್ಗೆ ಡಾಕ್ಟರಮ್ಮನಿಗೆ ಫೋನ್ ಮಾಡಬೇಕು. ತಪ್ಪು ಹೇಳಿದೆ, ಆ ಮಾತ್ರೆಯ ವಿಷಯ ಪೂರ್ತಿ ಹೇಳಿ ಎನ್ನಬೇಕು. 'ಇನ್ನೊಂದು ಸಲ ನೋಡಿ ಮೇಡಂ' ಎಂದು ಉತ್ತರಪತ್ರಿಕೆ ಹಿಡಿದು ಬಂದ ಎಷ್ಟು ಮಕ್ಕಳನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದೇನೆ ನಾನು!

ಬಾಯಿ ಮತ್ತೆ ತಪ್ಪದಿರಲೆಂದು ಇಲ್ಲೇ ಕೆಂಪು ಪೆನ್ನಿನಲ್ಲಿ ಹತ್ತು ಎಂದು ಬರೆದೆ. ನೋಡಿದೆ. ಹೊಡೆದು ಹಾಕಿ ಒಂಬತ್ತೂವರೆ ಮಾಡಿದೆ.

ಆ ಅರ್ಧ ಮಾರ್ಕನ್ನು ಯಾರಿಗೆಂದು ಉಳಿಸಿದೆನೋ!