ನೋಯೆಮಿಯ ಪ್ರಶ್ನೆ

ಪೀಸಾ, ನವೆಂಬರ್ 12, ಬುಧವಾರ

ಆ ಹುಡುಗಿಯ ಮುಖ ಕಣ್ಣಿಂದ ಹೋಗುತ್ತಿಲ್ಲ.

ತರ್ಕದ ನಿಯಮಗಳಲ್ಲಿ ಬರೆದ ಪ್ರೋಗ್ರಾಮನ್ನು ಓಡಿಸದೆಯೇ, ಅದರ ಯಾವ ಚರಾಕ್ಷರದಲ್ಲಿ ಬೆಲೆ ತುಂಬಿರುತ್ತದೆ, ಯಾವುದು ಖಾಲಿ ಎಂದು ಮೊದಲೇ ಹೇಳುವುದು ನಮ್ಮ ಕೆಲಸ. ಖಚಿತವಿಲ್ಲದಿದ್ದರೆ 'ಗೊತ್ತಿಲ್ಲ' ಎನ್ನಬೇಕು. ಸುಳ್ಳು ಭರವಸೆ ಕೊಡಬಾರದು. ಇವತ್ತು ವಿಭಾಗದ ಸಭೆಯಲ್ಲಿ ಎಲ್ಲರಿಗೂ ನನ್ನ ಹೊಸ ವಿಧಾನ ವಿವರಿಸುತ್ತಿದ್ದೆ. ನನ್ನ ವಿದ್ಯಾರ್ಥಿನಿ ನೋಯೆಮಿ ಕೈ ಎತ್ತಿದಳು.

"ಮೇಡಂ, ಹಲಗೆ ಮೇಲಿರೋ ಆ ಎರಡು ಖಾಲಿ ಚರಾಕ್ಷರಗಳು ಮೊದಲೇ ಒಂದಕ್ಕೊಂದು ಗಂಟು ಬಿದ್ದಿದ್ದರೆ? ಒಂದನ್ನು ತುಂಬಿದರೆ ಇನ್ನೊಂದೂ ತುಂಬುತ್ತಲ್ಲ? ನೀವು ಅದನ್ನ ಖಾಲಿ ಅಂತಲೇ ಹೇಳ್ತಿದ್ದೀರಿ."

ನಾನು ಹಲಗೆಯತ್ತ ತಿರುಗಿಯೂ ನೋಡದೆ, "ಮೊದಲನೇ ವರ್ಷದ ಪಾಠ ಇನ್ನೊಂದ್ಸಲ ಓದಮ್ಮ" ಎಂದೆ. ಸಹೋದ್ಯೋಗಿ ತುಲ್ಲಿಯೋ, "ಪಾಪ, ಖಾಲಿ ಖಾಲಿ ಅಂತಿದೆ, ಮಗುವಿಗೆ ಹೊಟ್ಟೆ ಹಸಿದಿದೆ, ಯಾರಾದರೂ ಪಾಸ್ತಾ ಕೊಡಿಸ್ರಪ್ಪ" ಎಂದ. ಎಲ್ಲರೂ ನಕ್ಕರು. ಅವಳು ಮುಖ ಕೆಂಪಾಗಿ ಕೂತಳು.

ಮನೆಗೆ ಬಂದು ಎರಡು ಸಾಲಿನ ಪ್ರೋಗ್ರಾಂ ಬರೆದು ನೋಡಿದೆ. ಅವಳು ಹೇಳಿದ್ದೇ ಸರಿ. ಅರ್ಥವಾಗದ ಕವಿತೆಯೊಂದನ್ನು ಓದುವಾಗ 'ಗೊತ್ತಿಲ್ಲ' ಎಂದು ಎಷ್ಟು ಸುಖವಾಗಿ ಕೂರುತ್ತೇನೆ! ಅವಳ ಮುಂದೆ ಆ ಮಾತು ಯಾಕೆ ಬಾಯಿಗೆ ಬರಲಿಲ್ಲ?

ತಪ್ಪೊಪ್ಪಿಕೊಳ್ಳೋಣವೆಂದು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಕ್ಷಮಿಸಿ ಮೇಡಂ, ಎಲ್ಲರೆದುರು ಹಾಗೆ ಕೇಳಬಾರದಿತ್ತು" ಎಂದಳು.

"ಇರಲಿ ಬಿಡಮ್ಮ" ಎಂದುಬಿಟ್ಟೆ.

ಕ್ಷಮಿಸಿಬಿಟ್ಟೆ. ನಾನು, ಅವಳನ್ನು.