ಕಾರಜ್ಜಿಯ ಕೇಸು

ತಾರೀಖು ಹತ್ತೊಂಬತ್ತು, ಗುರುವಾರ
ಅಡುಗೆಮನೆಯ ಮೇಜಿನಿಂದ

ನನ್ನ ಮಗಳಿಗೆ,

ಅಮ್ಮನ ಪ್ರೀತಿ. ನೀನು, ಅಳಿಯಂದಿರು, ನನ್ನ ಮೊಮ್ಮಗಳು ಗುಬ್ಬಿ ಮೂವರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಎಂದುಕೊಂಡಿದ್ದೇನೆ ಅಷ್ಟೇ. ಗುಬ್ಬಿಗೆ ಕೆಮ್ಮು ಅಂತ ನೀನು ಹೇಳಿದ್ದೆ, ವಾಸಿಯಾಯಿತು ಅಂತ ಹೇಳಲಿಲ್ಲ. ವಾಸಿಯಾಗಿರುತ್ತದೆ. ಆಗದಿದ್ದರೆ ಹೇಳುತ್ತಿದ್ದೆ ತಾನೆ?

ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದೇ ಊರಿನಲ್ಲಿದ್ದುಕೊಂಡು, ಎರಡು ಬಸ್ಸು ಬದಲಿಸಿದರೆ ಸಿಗುವ ಮಗಳಿಗೆ ಕಾಗದ ಯಾಕೆ ಎಂದು ನಗುತ್ತೀಯೇನೋ. ಫೋನು ಮಾಡಿದರೆ ನಿನಗೆ ಮೀಟಿಂಗು, ಮೀಟಿಂಗು ಇಲ್ಲದಾಗ ನಾನು ಊಟ ಆಯಿತಾ ಅಂತ ಕೇಳಿ ಇಟ್ಟುಬಿಡುತ್ತೇನೆ. "ಕೇಸು ಗೆದ್ದೆ" ಅಂತ ಮೆಸೇಜು ಕಳಿಸಿದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿದೆ. ಹೆಬ್ಬೆರಳಿನ ಜೊತೆ ಎಷ್ಟು ಅಂತ ಮಾತಾಡಲಿ? ಅದಕ್ಕೇ ಕೂತು ಬರೆಯುತ್ತಿದ್ದೇನೆ. ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು, ಒತ್ತಕ್ಷರ ಹೆಚ್ಚುಕಡಿಮೆಯಾದರೆ ನೀನೇ ಸರಿಮಾಡಿಕೊಂಡು ಓದು.

ಗೆದ್ದೆ ಕಣೇ. ಕುಡಿದು ಗಾಡಿ ಓಡಿಸಿದಳು ಎಂಬ ಆರೋಪ ನಿಲ್ಲುವುದಿಲ್ಲ ಅಂತ ನ್ಯಾಯಾಧೀಶರು ತಮ್ಮ ಬಾಯಲ್ಲೇ ಹೇಳಿದರು. ಲೈಸೆನ್ಸು ಕೈಗೆ ವಾಪಸು ಬಂತು. ಮನೆಗೆ ಬಂದು ಅದನ್ನು ದಿಂಬಿನ ಕೆಳಗಿಟ್ಟೆ. ಮಡಚಿಹೋದೀತು ಅಂತ ತೆಗೆದು ಬೀರುವಿನಲ್ಲಿಟ್ಟೆ. ಬೀರುವಿನ ಬೀಗ ಕೈಕೊಟ್ಟರೆ ಏನು ಗತಿ ಅಂತ ಪರ್ಸಿಗೆ ಹಾಕಿಕೊಂಡೆ. ಈಗ ಈ ಕಾಗದದ ಪಕ್ಕದಲ್ಲೇ ಇದೆ. ಫೋಟೋದಲ್ಲಿ ನಾನು ಯಾವಾಗಲೂ ಇದ್ದ ಹಾಗೇ ಹೆದರಿಕೊಂಡೇ ಇದ್ದೇನೆ, ಆದರೆ ಅದನ್ನು ನೋಡಿದರೆ ಈಗ ನಗು ಬರುತ್ತದೆ.

ಆ ಮಧ್ಯಾಹ್ನದ್ದು ನಿನಗೆ ಅರ್ಧ ಮಾತ್ರ ಗೊತ್ತು. ಪೂರ್ತಿ ಕೇಳು.

ಗುಬ್ಬಿಯನ್ನು ಶಾಲೆಯಿಂದ ಕರೆತರಲು ಹೊರಟಿದ್ದೆ. ಅದಕ್ಕೆ ಮೊದಲು ಡ್ರೈವಿಂಗ್ ಸ್ಕೂಲಿನಲ್ಲಿ ಒಬ್ಬ ಹೆಂಗಸಿಗೆ ತಿರುವು ಕಲಿಸಿ, ಅಲ್ಲೇ ನಿಂತು ಮೊಟ್ಟೆ, ಹಸಿ ಈರುಳ್ಳಿ ಇಟ್ಟ ಬ್ರೆಡ್ಡು ತಿಂದಿದ್ದೆ. ನನ್ನ ಕಾರು ಹತ್ತಿ ಸೇತುವೆ ದಾಟಿದರೆ ಪೊಲೀಸರು ಸಾಲಾಗಿ ಗಾಡಿ ನಿಲ್ಲಿಸುತ್ತಿದ್ದಾರೆ. ನಾನು ಯಾರನ್ನೂ ಗುದ್ದಿಲ್ಲ, ಯಾವ ಸಿಗ್ನಲ್ಲೂ ದಾಟಿಲ್ಲ, ಆದರೂ ಲೈಸೆನ್ಸು ಇದೆಯಾ ಅಂತ ಎರಡು ಸಲ ಪರ್ಸು ತೆಗೆದು ನೋಡಿಕೊಂಡೆ. ಆಮೇಲೆ ಈರುಳ್ಳಿ ನೆನಪಾಯಿತು. ಕಿಟಕಿಗೆ ಬಗ್ಗಿದ ಮನುಷ್ಯನ ಮುಖಕ್ಕೆ ಈರುಳ್ಳಿ ವಾಸನೆ ಹೊಡೆದರೆ ಎಂಥ ನಾಚಿಕೆ. ಮುಚ್ಚಿದ ಕಾರಿನಲ್ಲಿ ದಿನವಿಡೀ ಕಲಿಯುವವರ ಪಕ್ಕ ಕೂರುವವಳು ನಾನು, ಈ ಚಿಂತೆಗೆಂದೇ ಬಾಯಿ ಮುಕ್ಕಳಿಸುವ ನೀಲಿ ಔಷಧಿಯ ಶೀಶೆಯನ್ನು ಕಾರಿನಲ್ಲಿ ಇಟ್ಟುಕೊಂಡಿರುತ್ತೇನೆ. ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡು, ಎರಡು ಕೆನ್ನೆ ಉಬ್ಬಿಸಿ ಗುಳುಗುಳು ಮಾಡಿ, ಖಾಲಿ ಲೋಟಕ್ಕೆ ಉಗಿದೆ. ಅಷ್ಟರಲ್ಲಿ ನನ್ನ ಸರದಿ.

ಅಧಿಕಾರಿ ಮೀಸೆ ಬಿಟ್ಟ ಗಟ್ಟಿಗ. "ಊದಿ ಅಮ್ಮಾ" ಎಂದರು. ಊದಿದೆ. ಯಂತ್ರ ಕೀ ಅಂತ ಕೂಗಿ ಕೆಂಪಾಯಿತು. ಅವರೂ ಕೆಂಪಾದರು. ತಕ್ಷಣ ಇನ್ನೊಮ್ಮೆ ಊದಿಸಿದರು, ಇನ್ನೊಮ್ಮೆ ಕೀ.

"ಎಷ್ಟು ಹಾಕಿದೀರಿ?"

"ಒಂದು ಮುಚ್ಚಳ" ಎಂದೆ. ನಾನು ಔಷಧಿಯ ಲೆಕ್ಕ ಹೇಳಿದೆ. ಆ ಶೀಶೆಯಲ್ಲಿ ಸ್ಪಿರಿಟ್ಟು ಇರುತ್ತದೆ ಎಂದು ನನಗೇನು ಗೊತ್ತು, ಅದರ ಮೇಲಿನ ಅಕ್ಷರ ಇರುವೆ ಸಾಲಿನ ಹಾಗಿದೆ. ಅವರು ತಲೆಯಾಡಿಸಿ, "ಎಲ್ಲರೂ ಒಂದು ಮುಚ್ಚಳ ಅಂತಾನೇ ಅಂತಾರೆ" ಎಂದರು. ರಸ್ತೆ ಬದಿಯ ಬಿಳಿ ಗೆರೆಯ ಮೇಲೆ ನಡೆಸಿದರು. ರಸ್ತೆಗೆ ಕಾಲಿಟ್ಟರೆ ನನಗೆ ಅಭ್ಯಾಸಬಲ, ಹೆಜ್ಜೆಗೊಮ್ಮೆ ಎಡಗಡೆ ತಿರುಗಿ ನೋಡಿದೆ, ಬಲಗಡೆ ನೋಡಿದೆ, ಹಿಂದೆ ಯಾವ ಗಾಡಿ ಬರುತ್ತಿದೆ ಅಂತ ನೋಡಿದೆ. ಆಸ್ಪತ್ರೆಗೆ ಹೋಗಿ ರಕ್ತ ಕೊಡಿ ಎಂದರು. ಸೂಜಿ ಎಂದ ಕೂಡಲೇ ನಾನು ಬಾನೆಟ್ಟು ಹಿಡಿದುಕೊಂಡೆ. "ಬೇಡಪ್ಪಾ, ನಿಮ್ಮ ದಮ್ಮಯ್ಯ, ಸೂಜಿ ಒಂದು ಬೇಡ" ಎಂದು ಕೈಮುಗಿದೆ. ಕೊಟ್ಟಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ನನ್ನ ಹೆದರಿಕೆ ನನ್ನನ್ನು ಹಳ್ಳಕ್ಕೆ ಹಾಕಿದ್ದು ಹೀಗೆ.

ಠಾಣೆಗೆ ಕರೆದುಕೊಂಡು ಹೋದರು, ಲೈಸೆನ್ಸು ಹೋಯಿತು. ಸ್ಕೂಲಿನ ಯಜಮಾನರು ಕಲಿಸುವ ಕಾರಿನ ಕೀ ವಾಪಸು ಇಸಕೊಂಡರು. "ಏನಕ್ಕಾ, ತೂರಾಡಿಕೊಂಡು ಓಡಿಸೋದನ್ನೂ ಕಲಿಸಲಾಗುತ್ತದೆ ಅಂತ ಬೋರ್ಡಿಗೆ ಸೇರಿಸ್ಲಾ?" ಎಂದರು, ಎಲ್ಲರ ಮುಂದೆ. ಕೇಸು ಸೋತರೆ ಮತ್ತೆ ಲೈಸೆನ್ಸು ಇಲ್ಲ, ಲೈಸೆನ್ಸು ಇಲ್ಲದ ಮೇಲೆ ನಾನು ಯಾರಿಗೆ ಏನು ಕಲಿಸಲಿ? ನನಗೆ ಬೇರೆ ಏನು ಬರುತ್ತದೆ? ಗುಬ್ಬಿಯನ್ನು ಕರೆತರುವುದಂತೂ ನಿಂತೇ ಹೋಗಿತ್ತು. ಅವಳಿಗೆ ನೀನು ಶಾಲೆಯ ವ್ಯಾನು ಗೊತ್ತುಮಾಡಿದ್ದೆ.

ಬ್ರೇಕಮ್ಮ ನಿನಗೆ ನೆನಪಿರಬೇಕು. ನನ್ನ ಹತ್ತಿರ ಕಲಿಯುವಾಗ ಎಲೆ ಅಡ್ಡ ಬಂದರೂ ಬ್ರೇಕು ಒತ್ತುತ್ತಿದ್ದ, ಗಾಡಿ ಹಿಂದಕ್ಕೆ ತೆಗೆ ಎಂದರೆ ಅಳುತ್ತಿದ್ದ ಹುಡುಗಿ. ಅವಳೀಗ ವಕೀಲೆ. ಒಂದು ಬೆಳಿಗ್ಗೆ ಅವಳ ಕಚೇರಿಗೆ ಹೋದೆ. ಮೆಟ್ಟಿಲು ಹತ್ತಿ, ಇಳಿದು, ಮತ್ತೆ ಹತ್ತಿದೆ. ಒಳಗೆ ಅವಳು ಎದ್ದು ನಿಂತು, "ಬನ್ನಿ ಮೇಡಮ್, ಕೂತ್ಕೊಳ್ಳಿ. ಮೊದಲು ಬೆಲ್ಟ್ ಹಾಕ್ಕೊಳ್ಳಿ" ಎಂದಳು. ನಾನು ದಿನಾ ಅವಳಿಗೆ ಹೇಳುತ್ತಿದ್ದ ಮಾತು.

"ಆ ದಿನ ಏನೇನಾಯ್ತು, ಎಲ್ಲಾ ಹೇಳಿ" ಎಂದಳು. ಎಲ್ಲಾ ಎಂದರೆ ನನಗೆ ಎಲ್ಲಾ. ಎದ್ದದ್ದು, ಗ್ಯಾಸು ಆರಿಸಿದ್ದು, ಆರಿಸಿದೆನೋ ಇಲ್ಲವೋ ಅಂತ ಬೀದಿ ತುದಿಯಿಂದ ವಾಪಸು ಬಂದದ್ದು, ಗುಬ್ಬಿಯ ನೀರಿನ ಬಾಟಲಿ, ಈರುಳ್ಳಿ. ಇನ್ನೊಬ್ಬ ವಕೀಲರಾಗಿದ್ದರೆ ಹೊರಗೆ ಕಳಿಸುತ್ತಿದ್ದರು. ಇವಳು ಪೆನ್ನು ಕಚ್ಚಿಕೊಂಡು ಕೇಳುತ್ತಾ ಕೂತಿದ್ದಳು. ನಾನು ಈರುಳ್ಳಿ ದಾಟಿ ಯಂತ್ರದ ಹತ್ತಿರ ಬರುವಷ್ಟರಲ್ಲಿ ಕೈ ಎತ್ತಿದಳು.

"ನಿಲ್ಲಿಸಿ. ರಿವರ್ಸ್ ತಗೊಳ್ಳಿ ಮೇಡಮ್. ನಿಧಾನ, ಕನ್ನಡಿ ನೋಡ್ಕೊಂಡು. ಈರುಳ್ಳಿ ಆದ್ಮೇಲೆ ಏನು ಮಾಡಿದ್ರಿ?"

"ಬಾಯಿ ಮುಕ್ಕಳಿಸ್ದೆ."

"ನೀರಲ್ಲೇನಾ?"

ನಾನು ಚೀಲದಿಂದ ಶೀಶೆ ತೆಗೆದಿಟ್ಟೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಆ ಇರುವೆ ಸಾಲನ್ನು ಓದಿದಳು. ಓದುತ್ತಾ ಓದುತ್ತಾ ಅವಳ ಮುಖ ಅರಳಿದ್ದು ನೋಡಬೇಕಿತ್ತು. ಯಾರಾದರೂ ಏನನ್ನಾದರೂ ಬಾಯಿಗೆ ಹಾಕಿದ ಮೇಲೆ ಕಾಲು ಗಂಟೆಯಾದರೂ ಕಾದು ಊದಿಸಬೇಕು, ಇಲ್ಲದಿದ್ದರೆ ಯಂತ್ರಕ್ಕೆ ಬಾಯಿಯೂ ಹೊಟ್ಟೆಯೂ ಒಂದೇ, ಅದೇ ನಮ್ಮ ದಾರಿ ಎಂದು ಬಿಡಿಸಿ ಹೇಳಿದಳು. ನಾನು, "ಸೋತರೆ?" ಎಂದೆ. "ಮೇಡಮ್, ನಿಮ್ಮ ಕಾಲು ನೋಡಿ" ಎಂದಳು. ನೋಡಿದರೆ ನನ್ನ ಬಲಗಾಲು ಮೇಜಿನ ಕೆಳಗೆ ನೆಲವನ್ನು ಒತ್ತುತ್ತಿತ್ತು, ಅಲ್ಲಿ ಬ್ರೇಕು ಇರುವ ಹಾಗೆ.

ನ್ಯಾಯಾಲಯದ ದಿನ ನನ್ನ ಚಪ್ಪಲಿ ಪ್ರತಿ ಹೆಜ್ಜೆಗೂ ಕೀಚ್ ಎನ್ನುತ್ತಿತ್ತು. ಇದೊಂದು ಸದ್ದಿಗೇ ಶಿಕ್ಷೆ ಕೊಡುತ್ತಾರೆ ಅನ್ನಿಸಿ ತುದಿಗಾಲಲ್ಲಿ ನಡೆದೆ. ಮೀಸೆ ಅಧಿಕಾರಿ ಮೊದಲು ಹೇಳಿದರು. ಗಾಡಿ ವಿಪರೀತ ನಿಧಾನ ಬರುತ್ತಿತ್ತು, ಕೈ ನಡುಗುತ್ತಿತ್ತು, ಗೆರೆಯ ಮೇಲೆ ನಡೆಯಲಾಗದೆ ಪದೇ ಪದೇ ಹಿಂದೆ ತಿರುಗಿದರು, ರಕ್ತ ಕೊಡಲು ಒಪ್ಪಲಿಲ್ಲ. ಕೇಳುತ್ತಿದ್ದರೆ ನನಗೇ ಅನುಮಾನ ಬಂತು, ಕುಡಿದಿದ್ದೆನೇನೋ ಎಂದು.

ಬ್ರೇಕಮ್ಮ ಎದ್ದಳು. ಕಪ್ಪು ಕೋಟಿನಲ್ಲಿ ಎಷ್ಟು ಎತ್ತರ ಕಾಣುತ್ತಿದ್ದಳು ಅಂತೀಯ.

"ಸ್ವಾಮಿ, ನಮ್ಮ ಕಕ್ಷಿದಾರರು ಇಲ್ಲಿಂದ ಬಾಗಿಲವರೆಗೆ ನಡೆದು ತೋರಿಸಲಿ" ಎಂದಳು.

ನಡೆದೆ. ಕೀಚ್, ಎಡಗಡೆ ನೋಡು. ಕೀಚ್, ಬಲಗಡೆ ನೋಡು. ಬೆಂಚಿನಲ್ಲಿ ಕೂತವರು ಕಿಸಕ್ಕೆಂದರು. ನ್ಯಾಯಾಧೀಶರು, "ಇವರು ಯಾವಾಗಲೂ ಹೀಗೇನಾ?" ಎಂದು ಕೇಳಿದರು.

"ನನಗೂ ಹೀಗೇ ಕಲಿಸಿದ್ದು ಸ್ವಾಮಿ. ಇವತ್ತಿನವರೆಗೂ ನನ್ನ ಗಾಡಿಗೆ ಒಂದು ಗೀರೂ ಬಿದ್ದಿಲ್ಲ."

ಆಮೇಲೆ ಯಂತ್ರ ತರಿಸಿದಳು. ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆದಿದ್ದಳಂತೆ, ನನಗೆ ಹೇಳಿದ್ದರೆ ಚಿಂತೆಯಲ್ಲೇ ಸತ್ತೇನೆಂದು ಹೇಳಿರಲಿಲ್ಲ. ಅದೇ ಜಾತಿಯ ಹೊಸ ಶೀಶೆ ಮೇಜಿನ ಮೇಲಿಟ್ಟಳು. ಯಾರಾದರೂ ಒಬ್ಬರು ಮುಕ್ಕಳಿಸಿ ಊದಬೇಕು, ಕುಡಿದಿಲ್ಲ ಎಂದು ಎಲ್ಲರೂ ನಂಬುವಂಥ ಒಬ್ಬರು. ಮೀಸೆ ಅಧಿಕಾರಿ ಟೋಪಿ ತೆಗೆದಿಟ್ಟು, "ನಾನೇ ಊದ್ತೀನಿ" ಎಂದರು. ಮನುಷ್ಯ ನೆಟ್ಟಗಿನವರು, ಅದನ್ನು ಹೇಳಲೇಬೇಕು. ಮೊದಲು ಬರಿ ಬಾಯಲ್ಲಿ ಊದಿದರು, ಸೊನ್ನೆ. ಆಮೇಲೆ ಮೀಸೆ ಒದ್ದೆಯಾಗದಂತೆ ಎತ್ತಿ ಹಿಡಿದು, ಮುಕ್ಕಳಿಸಿ, ಉಗಿದು, ಊದಿದರು.

ಕೀ.

ನನಗೆ ಕೂಗಿದ್ದಕ್ಕಿಂತ ಜೋರಾಗಿ ಕೂಗಿತು ಕಣೇ ಆ ಯಂತ್ರ. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಏನ್ರೀ ಇದು, ಡ್ಯೂಟಿ ಟೈಮಲ್ಲಿ?" ಎಂದರು. ಇಡೀ ಕೋಣೆ ನಕ್ಕಿತು. ಅಧಿಕಾರಿಯೂ ನಕ್ಕರು. ಅವರನ್ನು ಕೂರಿಸಿ, ನಡುವೆ ಯಾರದೋ ಕಾಂಪೌಂಡು ಗೋಡೆಯ ಜಗಳವನ್ನು ವಿಚಾರಿಸಿ, ಮತ್ತೆ ಊದಿಸಿದರು. ಸೊನ್ನೆ.

"ಕಾದು ಇನ್ನೊಂದು ಸಲ ಯಾಕೆ ಊದಿಸಲಿಲ್ಲ?" ಎಂದು ಬ್ರೇಕಮ್ಮ ಕೇಳಿದಳು.

"ಹಿಂದೆ ಗಾಡಿಗಳು ಹಾರನ್ ಹೊಡೀತಿದ್ವು" ಎಂದರು ಅವರು. ಆಮೇಲೆ ಟೋಪಿ ಕೈಗೆತ್ತಿಕೊಂಡು, "ಕಾಯಬೇಕಿತ್ತು" ಎಂದರು.

ಆಮೇಲೆ ನ್ಯಾಯಾಧೀಶರು ನನ್ನನ್ನು ಒಂದು ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ. ತೀರ್ಪು ಬಂತು. ಹೊರಗೆ ಬಂದು ನಾನೂ ಬ್ರೇಕಮ್ಮನೂ ತಬ್ಬಿಕೊಂಡು ನಿಂತಿದ್ದೆವು. ಅವಳು ಅಳುತ್ತಿದ್ದಳು, ರಿವರ್ಸ್ ಕಲಿಯುವಾಗ ಅತ್ತ ಹಾಗೇ. ಮೀಸೆ ಅಧಿಕಾರಿ ಹತ್ತಿರ ಬಂದು ಕೆಮ್ಮಿದರು. "ಅಮ್ಮಾ, ನನ್ನ ಹೆಂಡತಿ ಗಾಡಿ ಕಲೀಬೇಕು ಅಂತಿದ್ಲು. ನಾನು ಹೇಳಿಕೊಟ್ಟರೆ ಇಬ್ಬರೂ ಜಗಳ ಆಡ್ತೀವಿ. ನೀವು ಕಲಿಸ್ತೀರಾ?" ಎಂದರು. "ಕಲಿಸ್ತೀನಿ, ಹಾರನ್ ಹೊಡೆದ್ರೆ ಹೆದರಬಾರ್ದು ಅಂತ ಮೊದಲು ಹೇಳಿಕೊಡ್ತೀನಿ" ಎಂದೆ. ನನ್ನ ಬಾಯಿಂದ ಆ ಮಾತು ಹೇಗೆ ಬಂತೋ. ಅವರು ತಲೆ ತಗ್ಗಿಸಿ ನಕ್ಕರು.

ಯಜಮಾನರು ಮರುದಿನ ಕಲಿಸುವ ಕಾರಿನಲ್ಲೇ ಮನೆಗೆ ಬಂದರು, ಕೀ ಹಿಡಿದುಕೊಂಡು. "ಅಕ್ಕಾ, ಏನೋ ಬಾಯಿ ಜಾರ್ತು" ಎಂದರು. ಮೊದಲಾಗಿದ್ದರೆ ನಾನೇ ಅವರ ಕ್ಷಮೆ ಕೇಳುತ್ತಿದ್ದೆ. ಈ ಸಲ ಒಂದು ಬಟ್ಟೆ ಕೊಟ್ಟು, "ಮೂರೂ ಕನ್ನಡಿ ಒರೆಸಿ ಇಟ್ಟಿರಿ, ಚಪ್ಪಲಿ ಮೆಟ್ಟಿಕೊಂಡು ಬರ್ತೀನಿ" ಎಂದೆ. ಒರೆಸಿದರು. ನಾನು ಬೇಕೆಂದೇ ಚಪ್ಪಲಿ ತಡಮಾಡಿ ಹುಡುಕಿದೆ.

ಸೋಮವಾರದಿಂದ ಮತ್ತೆ ಪಾಠ ಶುರುವಾಗಿದೆ. ನೀಲಿ ಶೀಶೆ ಬಿಸಾಡಿದೆ. ಈರುಳ್ಳಿಯನ್ನೂ ಬಿಟ್ಟಿದ್ದೇನೆ, ಯಾವುದಕ್ಕೂ ಇರಲಿ ಅಂತ.

ನಿನ್ನ ಕೆಲಸ, ನಿನ್ನ ಮನೆ ಎಲ್ಲವೂ ಹಗುರಾಗಿ ಸಾಗಲಿ. ಅಳಿಯಂದಿರಿಗೆ ಬೆನ್ನುನೋವು ಬಾರದಿರಲಿ, ಸೀಟು ತೀರಾ ಹಿಂದಕ್ಕಿಟ್ಟು ಓಡಿಸಬೇಡಿ ಅಂತ ಹೇಳು. ಗುಬ್ಬಿ ನೂರು ವರ್ಷ ಬಾಳಲಿ, ರಸ್ತೆ ದಾಟುವಾಗ ಎರಡೂ ಕಡೆ ನೋಡಲಿ.

ನಿನ್ನ ಅಮ್ಮ,
ಗುಬ್ಬಿಯ ಕಾರಜ್ಜಿ

ಮತ್ತೆ ಬರೆಯುವುದು: ಮರೆತಿದ್ದೆ ಎಂದು ಶುರುಮಾಡಬೇಕು ಅಂತಿದ್ದೆ. ಮರೆತಿರಲಿಲ್ಲ. ನ್ಯಾಯಾಧೀಶರು ಕೇಳಿದ ಪ್ರಶ್ನೆ ಬರೆಯದೆ ಬಿಟ್ಟೆ. ಅವರು ಕನ್ನಡಕ ತೆಗೆದು, "ಅಮ್ಮಾ, ಆ ದಿನ ನೀವು ಕುಡಿದಿದ್ರಾ?" ಎಂದರು. ಅಷ್ಟೇ. ಇಲ್ಲ ಎಂದೆ. ಎಂದವಳೇ ಕಟಕಟೆ ಹಿಡಿದುಕೊಂಡು ಅತ್ತುಬಿಟ್ಟೆ. ಎಲ್ಲರೂ ಹೆದರಿಕೆಗೆ ಎಂದುಕೊಂಡರು. ಹೆದರಿಕೆಗಲ್ಲ. ಅಷ್ಟು ದಿನದಲ್ಲಿ ಅದನ್ನು ನನ್ನನ್ನು ಕೇಳಿದವರು ಅವರೊಬ್ಬರೇ. ಆ ಮಧ್ಯಾಹ್ನ ಠಾಣೆಯಿಂದ ನಿನಗೆ ಫೋನು ಮಾಡಿದಾಗ ನೀನು ಮೊದಲು ಆಡಿದ ಮಾತು, "ಎಷ್ಟು ಕುಡಿದಿದ್ದೆ ಅಮ್ಮಾ?" ಗುಬ್ಬಿ ಶಾಲೆಯ ಗೇಟಿನಲ್ಲಿ ಒಬ್ಬಳೇ ನಿಂತಿದ್ದಳು, ನಿನಗೆ ಜೀವ ಬಾಯಿಗೆ ಬಂದಿತ್ತು, ನನಗೆ ಅರ್ಥವಾಗುತ್ತದೆ. ನಿನ್ನಪ್ಪ ಬಾಗಿಲಿಗೆ ಒರಗಿಕೊಂಡು ದಿನಾ "ಕುಡಿದಿಲ್ಲ" ಎನ್ನುತ್ತಿದ್ದುದನ್ನು ಕೇಳಿಕೊಂಡೇ ಬೆಳೆದವಳು ನೀನು. ಆ ಮಾತು ನಮ್ಮ ಮನೆಯಲ್ಲಿ ಆಗಲೇ ಕೆಟ್ಟುಹೋಗಿತ್ತು, ನನ್ನ ಸರದಿಗೆ ಉಳಿದಿರಲಿಲ್ಲ. ನಿನ್ನ ಮೇಲೆ ಕೋಪವಿಲ್ಲ. ಆದರೂ ಒಂದು ಸಲ ಕೇಳು ಮಗಳೇ. ತೀರ್ಪು ಬಂದಾಗಿದ್ದರೂ ಪರವಾಗಿಲ್ಲ, ನೀನು ಕೇಳು, ನಾನು ಹೇಳುತ್ತೇನೆ. ಗುಬ್ಬಿಯ ಪುಟ್ಟ ಕುರ್ಚಿ ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಇದೆ. ಖಾಲಿ ಇದ್ದರೂ ದಿನಾ ಹೊರಡುವ ಮೊದಲು ಅದಕ್ಕೆ ಬೆಲ್ಟು ಹಾಕಿದ್ದೇನೋ ಇಲ್ಲವೋ ಅಂತ ಇಳಿದು ನೋಡಿ ಬರುತ್ತೇನೆ.