ಪೂವಮ್ಮನ ಎಲೆ

ನಾಪೋಕ್ಲು
೧೪-೮-೧೯೫೮

ಬೊಳ್ಳಮ್ಮತ್ತೆಗೆ ದಮಯಂತಿಯ ನಮಸ್ಕಾರ.

ಗುರುವಪ್ಪ ಮಾವ ಬಂದು ಹೇಳಿ ಹೋದರು. ನಾಳಿದ್ದು ಪೂವಮ್ಮ ತೀರಿಕೊಂಡ ಹದಿನಾರನೇ ದಿನ. ನಡುಮನೆಯಲ್ಲಿ ಎಲೆ ಬಡಿಸಿಟ್ಟು, ಉಣ್ಣಲು ಬಾ ಎಂದು ಅವಳನ್ನು ಮೂರು ಸಲ ಹೆಸರು ಹಿಡಿದು ನಾನೇ ಕರೆಯಬೇಕಂತೆ. ಜೀವದ ಗೆಳತಿ ಕರೆದರೆ ಮಗಳು ಖಂಡಿತ ಬರುತ್ತಾಳೆ ಎಂದಿರಂತೆ.

ನಾನು ಬರುವುದಿಲ್ಲ ಅತ್ತೆ. ಬೇರೆ ಯಾರಾದರೂ ಕರೆಯಲಿ.

ಈ ಕಾಗದದ ಜೊತೆ ಅವಳ ನೀಲಿ ರವಿಕೆ ಕಳಿಸಿದ್ದೇನೆ, ಎಲೆಯ ಪಕ್ಕ ಇಡಿ. ಅವಳು ಅದನ್ನು ಕಳೆದುಕೊಂಡಿರಲಿಲ್ಲ. ಕೊಡದಿದ್ದರೆ ಮಾತು ಬಿಡುತ್ತೇನೆ ಎಂದು ನಾನೇ ಕಿತ್ತುಕೊಂಡಿದ್ದೆ. ನಿಮ್ಮ ಕೈಯಲ್ಲಿ ಪೆಟ್ಟು ತಿಂದಳು, ನನ್ನ ಹೆಸರು ಹೇಳಲಿಲ್ಲ. ಏಡಿ ಸಾರು ಬಡಿಸಬೇಡಿ. ಅವಳಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ. ಇಷ್ಟ ಎಂದು ಸುಳ್ಳು ಹೇಳಿ ನಿಮ್ಮಿಂದ ಮಾಡಿಸಿ, ಬುತ್ತಿಯಲ್ಲಿ ನನಗೆ ತರುತ್ತಿದ್ದಳು.

ಅವಳು ತೀರಿಕೊಂಡ ದಿನ ತೊರೆ ದಾಟುವ ಸಂಕದ ಬಳಿ ನಾನಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಇದ್ದೆ. ಮೊದಲೇ ದಾಟಿ ಆಚೆ ದಡದಲ್ಲಿ ನಿಂತಿದ್ದೆ. ಅವಳು ಬರುವಷ್ಟರಲ್ಲಿ ತೊರೆಯ ನೀರು ಸಂಕದ ಮರದ ಮೇಲೆ ಹರಿಯುತ್ತಿತ್ತು. ಹೆದರಿಕೆ ಆಗುತ್ತದೆ ಎಂದಳು. ಬಾರದಿದ್ದರೆ ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದೆ. ಹೆಸರು ಹಿಡಿದು ಕರೆದೆ.

ಬಂದಳು.

ನನ್ನ ದನಿ ನಿಮ್ಮ ನಡುಮನೆಯಲ್ಲಿ ಕೇಳುವುದು ಬೇಡ ಅತ್ತೆ. ಕೇಳಿದರೆ ಅವಳು ಅರ್ಧ ಊಟ ಬಿಟ್ಟು ನನ್ನ ಹಿಂದೆ ಎದ್ದು ಬರುತ್ತಾಳೆ.

ನಿಮ್ಮ ಮನೆಯ ಬುತ್ತಿ ಉಂಡವಳು,
ದಮಯಂತಿ